ಒಲೆಗೆ ಹಾಕಿದ ಊರುಗೋಲು

ನನ್ನ ಮಗಳ ಊರುಗೋಲನ್ನು ಸುಟ್ಟವಳು ನಾನೇ. ಯಾರೋ ಕದ್ದೊಯ್ದರು ಎಂದು ಅವಳಿಗೆ ಹೇಳಿದ್ದು ಸುಳ್ಳು. ನೀರೊಲೆಗೆ ತುರುಕಿ, ಅದು ಪೂರ್ತಿ ಉರಿಯುವವರೆಗೂ ಮುಂದೆ ಕುಳಿತಿದ್ದೆ — ಆಮೇಲೆ ಆ ಬಿಸಿನೀರನ್ನೇ ಅವಳ ತಲೆಗೆ ಎರೆದೆ.

ಶಿವಿ ಮೂರು ವರ್ಷದವಳಿದ್ದಾಗ ಜ್ವರ ಬಂದಿತ್ತು. ಜ್ವರ ಬಿಟ್ಟಿತು, ಆದರೆ ಎಡಗಾಲು ಸೊರಗಿ ನೇತುಬಿದ್ದಿತು. ನಂಜನಗೂಡಿನಲ್ಲಿ ನಮ್ಮ ಮನೆ ಕಪಿಲಾ ಹೊಳೆಗೆ ಹತ್ತಿರ. ರೋಗ ವಾಸಿಯಾಗಲೆಂದು ಹರಕೆ ಹೊತ್ತು ಬರುವವರೆಲ್ಲ ನಮ್ಮ ಬೀದಿಯಲ್ಲೇ ಹಾದುಹೋಗುತ್ತಿದ್ದರು. ನಾನೂ ಉಪವಾಸ ಮಾಡಿದೆ, ಒದ್ದೆ ಸೀರೆಯಲ್ಲಿ ಗುಡಿ ಸುತ್ತಿದೆ. ಕಾಲು ಇದ್ದ ಹಾಗೇ ಇತ್ತು. ಶಿವಿ ಮನೆಯೊಳಗೆ ಕೈಯೂರಿ ತೆವಳುತ್ತಿದ್ದಳು. ಹೊರಗೆ ಹೋಗಬೇಕಾದರೆ ನಾನು ಸೊಂಟದ ಮೇಲೆ ಕೂರಿಸಿಕೊಳ್ಳುತ್ತಿದ್ದೆ.

ಅವಳಿಗೆ ಎಂಟು ತುಂಬಿದಾಗ ಹೆಮ್ಮಿಗೆಯಿಂದ ನನ್ನ ತಮ್ಮ ಮಾದಪ್ಪ ಬಂದ. ಬೇಸಾಯಗಾರ, ಆದರೆ ಉಳಿ ಹಿಡಿದರೆ ಕೈ ಚೆನ್ನಾಗಿ ಓಡುತ್ತಿತ್ತು. ನರಸೀಪುರದ ಸಂತೆಯಲ್ಲಿ ಯಾರೋ ಕಂಕುಳಲ್ಲಿ ಕೋಲು ಕೊಟ್ಟುಕೊಂಡು ನಡೆಯುವುದನ್ನು ನೋಡಿ, ಹಲಸಿನ ಮರದಲ್ಲಿ ಅಂಥದೇ ಒಂದನ್ನು ಸೋದರಸೊಸೆಗೆ ಮಾಡಿ ತಂದಿದ್ದ. ಶಿವಿ ಬಿದ್ದಳು, ಎದ್ದಳು, ಮತ್ತೆ ಬಿದ್ದಳು. ಕೆಲವೇ ದಿನಗಳಲ್ಲಿ ಒಬ್ಬಳೇ ಬೀದಿಬಾಗಿಲಿಗೆ ಹೋಗಿ ನಿಂತಳು.

"ಅವ್ವ, ನಿಂತ್ಕಂಡು ನೋಡುದ್ರೆ ಬೀದಿ ಬ್ಯಾರೆ ತರ ಕಾಣ್ತದೆ" ಎಂದಳು.

ಬೀದಿಯೂ ಅವಳನ್ನು ನೋಡಿತು. ಸೊಂಟದ ಮೇಲಿದ್ದಾಗ ಅವಳು ಎಲ್ಲರ ಕಣ್ಣಿಗೂ ಬರಿಯ ಮಗು. ಈಗ ಕಲ್ಲಿನ ಮೇಲೆ ಕೋಲಿನ ಸದ್ದು ಕೇಳಿದರೆ ಜನ ತಿರುಗುತ್ತಿದ್ದರು. ಎದುರುಮನೆಯ ಮುದುಕಿ "ಅಯ್ಯೋ ಪಾಪ, ಕುಂಟಿ" ಎಂದದ್ದು ನನ್ನ ಎದೆಗೆ ಮುಳ್ಳಿನಂತೆ ನಾಟಿತು. ಆಗಲೇ ದೊಡ್ಡ ಮಗಳು ದೇವಮ್ಮನನ್ನು ನೋಡಲು ನರಸೀಪುರದ ಕಡೆಯವರು ಬರುವವರಿದ್ದರು. ಈ ಸದ್ದು ಕೇಳಿ, ಇವರ ವಂಶದಲ್ಲೇ ಏನೋ ಇದೆ ಎಂದುಕೊಂಡು ಎದ್ದು ಹೋದರೆ —

ಅವರು ಬರುವ ದಿನ ಬೆಳಿಗ್ಗೆ ಅದನ್ನು ಒಲೆಗೆ ಹಾಕಿದೆ. ಶಿವಿ ಎದ್ದವಳು ಹಾಸಿಗೆಯ ಪಕ್ಕ ಕೈಯಾಡಿಸಿ ಹುಡುಕಿದಳು. ಕಳ್ಳರ ಕಥೆ ಹೇಳಿದೆ. ಅವಳು ಅಳಲಿಲ್ಲ. ನನಗೇ ಸಮಾಧಾನ ಹೇಳಿದಳು.

"ನನ್ಗಿಂತ ಕಷ್ಟದಲ್ಲಿರೋರು ಯಾರೋ ತಕ್ಕೊಂಡೋಗಿರ್ಬೇಕು. ಓಗ್ಲಿ ಬುಡವ್ವ."

ಅವಳು ಅತ್ತಿದ್ದರೆ ನಿಜ ಹೇಳಿಬಿಡುತ್ತಿದ್ದೆ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಇಲ್ಲ — ಹೇಳುತ್ತಿರಲಿಲ್ಲ.

ಮದುವೆ ಗೊತ್ತಾಯಿತು, ನಡೆಯಿತು. ಊಟದ ಹೊತ್ತಿನಲ್ಲಿ ಮೂಲೆಯಲ್ಲಿ ಕುಳಿತಿದ್ದ ಶಿವಿಯನ್ನು ಬೀಗಿತ್ತಿ ಕಂಡರು. ಮಣೆ ಎಳೆದುಕೊಂಡು ಅವಳ ಪಕ್ಕದಲ್ಲೇ ಕೂತು, ಅವಳ ಎಲೆಗೆ ತಾವೇ ತುಪ್ಪ ಬಡಿಸಿದರು. "ಇಂಥ ಮಗೀನ ಯಾಕವ್ವ ಬಚ್ಚಿಟ್ಟಿದ್ರಿ?" ಎಂದರು. ಅಷ್ಟೇ. ನಾನು ಹೆದರಿದ್ದ ಮಾತು ಅವರ ಬಾಯಲ್ಲಿ ಬರಲೇ ಇಲ್ಲ.

ಜ್ವರ ಬಿದ್ದು ಮದುವೆಗೆ ಬರಲಾಗದಿದ್ದ ಮಾದಪ್ಪನಿಗೆ ಆಗಲಾದರೂ ಇನ್ನೊಂದು ಕೋಲು ಬೇಕೆಂದು ಹೇಳಿಕಳಿಸಬಹುದಿತ್ತು. ಕಳಿಸಲಿಲ್ಲ — ಮೊದಲಿನದು ಏನಾಯಿತೆಂದು ಕೇಳುತ್ತಾನಲ್ಲ. ಶಿವಿ ಮತ್ತೆ ನಾಲ್ಕು ವರ್ಷ ತೆವಳಿದಳು. ಬೆಳೆದ ಹುಡುಗಿಯನ್ನು ಎತ್ತಿಕೊಂಡು ನಾನು ಹೊಳೆಗೆ ಹೋದರೆ ಹೆಂಗಸರು "ತಾಯಿ ಅಂದ್ರೆ ನೀನು ಕಣವ್ವ" ಎನ್ನುತ್ತಿದ್ದರು. ಕೇಳಿಸಿಕೊಳ್ಳುತ್ತಿದ್ದೆ. ಹಿತವಾಗಿಯೂ ಇತ್ತು — ಅದನ್ನೂ ಇಲ್ಲಿ ಹೇಳಿಬಿಡಬೇಕು.

ಕೊನೆಗೆ ಮಾದಪ್ಪ ತಾನಾಗಿಯೇ ಬಂದ. ಸೊಸೆ ನೆಲದ ಮೇಲಿರುವುದನ್ನು ನೋಡಿದ. ಅವನಿಗೂ ಅದೇ ಸುಳ್ಳು ಹೇಳಿದೆ. ನನ್ನ ಮುಖವನ್ನೇ ನೋಡಿದ. ಹಿತ್ತಿಲಲ್ಲಿ ಕೂತು ಇನ್ನೊಂದು ಮಾಡಿದ. ಹೊರಡುವಾಗ "ಅಕ್ಕ, ಇದ್ನ ಜ್ವಾಪಾನ" ಎಂದ. ಅವನಿಗೆ ಗೊತ್ತಿತ್ತೋ ಏನೋ.

ಆ ಕೋಲಿನೊಂದಿಗೆ ಶಿವಿ ಮಹಾರಾಜರ ಸರ್ಕಾರ ತೆರೆದಿದ್ದ ಹೆಣ್ಣುಮಕ್ಕಳ ಶಾಲೆಗೆ ಹೋದಳು. ತನಗಿಂತ ಚಿಕ್ಕವರ ನಡುವೆ ಕೂತು ಅಕ್ಷರ ಕಲಿತಳು. ಬೆಳೆದಂತೆಲ್ಲ ಮಾದಪ್ಪ ಉದ್ದನೆಯ ಕೋಲು ಮಾಡಿ ಕಳಿಸುತ್ತಲೇ ಬಂದ. ಈಗ ಅವಳು ನಮ್ಮ ಜಗಲಿಯ ಮೇಲೆ ಬೀದಿಯ ಹೆಣ್ಣುಮಕ್ಕಳಿಗೆ ಓದು ಹೇಳಿಕೊಡುತ್ತಾಳೆ. ನನಗೂ ಕಲಿಸಿದಳು. ಇದನ್ನು ಬರೆಯುತ್ತಿರುವುದು ಅವಳು ಕೊಟ್ಟ ಅಕ್ಷರದಲ್ಲೇ.

ಹೋದ ತಿಂಗಳು ಅವಳ ವಿಷಯ ಕೇಳಿ ಚಿಕ್ಕಯ್ಯನಛತ್ರದ ಕಡೆಯಿಂದ ಕೆಂಪಮ್ಮ ಎಂಬ ಹೆಣ್ಣುಮಗಳು ಬಂದಳು. ಸೊಂಟದ ಮೇಲೆ ಐದಾರು ವರ್ಷದ ಮಗಳು. ಶಿವಿಯ ಕಾಲಿನಂಥದೇ ಕಾಲು. ಒಂದು ಕೋಲು ಮಾಡಿಸಿಕೊಡುತ್ತೇನೆ, ನಡೆಯುವುದನ್ನು ನಾನೇ ಕಲಿಸುತ್ತೇನೆ ಎಂದಳು ಶಿವಿ. ಕೆಂಪಮ್ಮ ಮಗುವಿನ ಕಾಲನ್ನು ಸೆರಗಿನೊಳಗೆ ಎಳೆದುಕೊಂಡಳು.

"ಕೋಲು ಕೊಟ್ರೆ ಊರೋರೆಲ್ಲ ನೋಡ್ತಾರೆ ಕಣಕ್ಕ. ನಿಮ್ಮವ್ವ ನಿಮ್ನ ಎತ್ಕಂಡೇ ಸಾಕ್ಲಿಲ್ವಾ? ನಾನೂ ಅಂಗೇ ಎತ್ಕತೀನಿ."

ಶಿವಿ ನಕ್ಕಳು. "ನಮ್ಮವ್ವನ ಸೊಂಟ ಗಟ್ಟಿ" ಎಂದಳು.

ನಾನು ಅಲ್ಲೇ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದೆ. ಮಗು ತಾಯಿಯ ಹೆಗಲ ಮೇಲಿಂದ ಕತ್ತು ಚಾಚಿ ಬೀದಿಯಲ್ಲಿ ಆಡುವ ಮಕ್ಕಳನ್ನು ನೋಡುತ್ತಿತ್ತು. ನನ್ನ ಸುಳ್ಳು ಇನ್ನೊಂದು ಮಗುವನ್ನೂ ನೆಲಕ್ಕೆ ಕೂರಿಸುವುದರಲ್ಲಿತ್ತು — ಅದೂ ನನ್ನ ಹೆಸರಿನಲ್ಲಿ.

"ಎತ್ಕಬ್ಯಾಡ ಕಣವ್ವ" ಎಂದೆ. "ನಾನು ಎತ್ಕಂಡಿದ್ದು ಬಚ್ಚಿಡಕ್ಕೆ. ಇವಳ ಮೊದಲ್ನೇ ಕೋಲ್ನ ಯಾರೂ ಕದೀಲಿಲ್ಲ. ನಾನೇ ಒಲೆಗಾಕ್ದೆ."

ಶಿವಿ ನನ್ನ ಕಡೆ ತಿರುಗಲಿಲ್ಲ. ಮಗುವನ್ನು ತನ್ನ ಹತ್ತಿರ ಇಳಿಸಿಕೊಂಡು, ಕಂಬಕ್ಕೆ ಒರಗಿಸಿ ನಿಲ್ಲಿಸಿ, ಕೋಲಿನ ಅಳತೆಗೆ ಕಂಕುಳಿಂದ ನೆಲದವರೆಗೆ ದಾರ ಹಿಡಿದು ಗಂಟು ಹಾಕಿದಳು. ಈ ಸಲ ಕೆಂಪಮ್ಮ ಬೇಡವೆನ್ನಲಿಲ್ಲ. ಅವರು ಹೋದ ಮೇಲೆ ಶಿವಿ ಒಂದೇ ಮಾತು ಆಡಿದಳು.

"ಆ ನಾಲ್ಕು ವರ್ಸಾನೂ ನಾನು ಇಸ್ಕೂಲಿಗೆ ಓಗಬೋದಿತ್ತು."

"ಊಂ" ಎಂದೆ. ದೇವಮ್ಮನ ಮದುವೆ, ಜನರ ಬಾಯಿ, ನನ್ನ ಭಯ — ಎಲ್ಲ ನಾಲಿಗೆಯ ತುದಿಗೆ ಬಂತು. ಯಾವುದೂ ಆ ನಾಲ್ಕು ವರ್ಷದಷ್ಟು ತೂಗಲಿಲ್ಲ. ನುಂಗಿಕೊಂಡೆ.

ಆಮೇಲೆ ಬಹಳ ದಿನ ಅವಳು ನನ್ನೊಡನೆ ಮಾತಾಡಲಿಲ್ಲ. ಇಟ್ಟದ್ದನ್ನು ಉಂಡಳು, ಮಕ್ಕಳಿಗೆ ಪಾಠ ಹೇಳಿದಳು, ಮಲಗಿದಳು. ನಿನ್ನೆ ಹೆಮ್ಮಿಗೆಯಿಂದ ಮಾದಪ್ಪ ಮಾಡಿದ ಆ ಮಗುವಿನ ಕೋಲು ಬಂತು. ಶಿವಿ ಅದನ್ನು ನನ್ನ ಮುಂದಿಟ್ಟು, ಹಳೆಯ ಬಟ್ಟೆ, ಬೂರುಗದ ಹತ್ತಿ ತಂದು ಹಾಕಿದಳು.

"ಮೇಲ್ಗಡೆ ಮೆತ್ತೆ ದಪ್ಪಕೆ ಒಲಿ. ತೆಳ್ಳಗಿದ್ರೆ ಕಂಕುಳು ಕಿತ್ಕಂಡು ಬತ್ತದೆ."

ಸೂಜಿ ಹಿಡಿದವಳು ತಲೆಯೆತ್ತಿದೆ. ಇಷ್ಟು ವರ್ಷದಲ್ಲಿ ಒಂದು ಸಲವೂ ಕೇಳದಿದ್ದದ್ದನ್ನು ಕೇಳಿದೆ.

"ನಿಂಗೆ ನೋಯ್ತದಾ?"

"ದಿನಾ ನೋಯ್ತದೆ" ಎಂದಳು. "ಸಾಯಂಕಾಲಕ್ಕೆ ಜಾಸ್ತಿ."

"ತೋರ್ಸು."

ಅವಳು ಹಿಂದೆಮುಂದೆ ನೋಡಿದಳು. ನಿಧಾನವಾಗಿ ತೋಳೆತ್ತಿದಳು. ಚರ್ಮ ಕಪ್ಪಾಗಿ ದಡ್ಡುಗಟ್ಟಿ ಅಂಚಿನಲ್ಲಿ ಬಿರಿದಿತ್ತು. ಹರಳೆಣ್ಣೆ ಬೆಚ್ಚಗೆ ಮಾಡಿ ತಂದು ಹಚ್ಚಿದೆ. ಅವಳು ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಕ್ಷಮಿಸಿದಳೋ ಇಲ್ಲವೋ, ಕೇಳಲಿಲ್ಲ. ಅದು ನಾನು ಕೇಳಬೇಕಾದ ಮಾತಲ್ಲ.

ನಾಳೆ ಕೆಂಪಮ್ಮ ಮಗುವನ್ನು ಕರೆತರುತ್ತಾಳೆ. ಅದರ ಕೋಲಿನ ಹೊಲಿಗೆ ಮುಗಿದಿದೆ. ಇನ್ನು ಶಿವಿಯ ಕೋಲಿನ ಹಳೆಯ ಬಟ್ಟೆ ಬಿಚ್ಚಿ ಹೊಸ ಮೆತ್ತೆ ಕಟ್ಟಬೇಕು. ಹೊಲಿಯುತ್ತೇನೆ — ಅವಳು ಕೇಳಲಿ ಎಂದು ಕಾಯುವುದಿಲ್ಲ.