ಬೀಗದಪ್ಪನ ಡ್ಯೂಟಿ ಪಟ್ಟಿ

ಆಸ್ಪತ್ರೆಯ ಡ್ಯೂಟಿ ಗುಮಾಸ್ತನಿಗೆ ಹೆತ್ತವರು ಇಟ್ಟ ಹೆಸರು ಏನೇ ಇರಲಿ, ನರ್ಸುಗಳ ಬಾಯಲ್ಲಿ ಅವನು ಬೀಗದಪ್ಪ. ಯಾರಿಗೆ ಹಗಲು ಪಾಳಿ, ಯಾರಿಗೆ ರಾತ್ರಿ ಪಾಳಿ, ಯಾರಿಗೆ ರಜೆ ಎಂಬುದೆಲ್ಲ ಅವನ ಕಂಪ್ಯೂಟರಿನ ಎಕ್ಸೆಲ್ ಹಾಳೆಗಳಲ್ಲಿತ್ತು. ವಾರ್ಡಿಗೊಂದು ಹಾಳೆ, ಪ್ರತಿ ಹಾಳೆಗೂ ಪಾಸ್‌ವರ್ಡ್. ದಿನವೂ ಈ ಬೀಗಗಳನ್ನು ತೆಗೆದು, ಹಾಕಿ ಬೇಸತ್ತು, ಎಲ್ಲಿಂದಲೋ ಕಲಿತು ಮ್ಯಾಕ್ರೋ ಎಂಬ ಪುಟ್ಟ ಪ್ರೋಗ್ರಾಂ ಬರೆದ. ಗುಂಡಿ ಒತ್ತಿದರೆ ಸಾಕು, ಅದು ಎಲ್ಲ ಹಾಳೆಗಳ ಬೀಗ ತೆಗೆದು, ಖಾಲಿ ಚೌಕಗಳಲ್ಲಿ ಮಾತ್ರ ಪಾಳಿ ತುಂಬಿ, ಮತ್ತೆ ಬೀಗ ಜಡಿಯುತ್ತಿತ್ತು. ಪಾಸ್‌ವರ್ಡ್ ಮ್ಯಾಕ್ರೋದ ಹೊಟ್ಟೆಯಲ್ಲೇ ಇತ್ತು. ಯಾರಾದರೂ ಇಣುಕಿಬಿಟ್ಟರೆ? ಮ್ಯಾಕ್ರೋಗೂ ಇನ್ನೊಂದು ಪಾಸ್‌ವರ್ಡ್ ಹಾಕಿದ. ಅನುಮಾನದ ಮನುಷ್ಯನಿಗೆ ಬೀಗಕ್ಕೂ ಒಂದು ಬೀಗ ಬೇಕು.

"ಒಂದು ಪಾಳಿ ಬದಲಾಯಿಸಿ ಅಣ್ಣಾ" ಎಂದು ಬಂದವರಿಗೆಲ್ಲ ಒಂದೇ ಉತ್ತರ: "ತಲೆ ಕೆಳಗಾಗಿ ನಿಂತರೂ ಆಗಲ್ಲಮ್ಮ." ಅವನ ಹೆಂಡತಿಯೂ ಅಲ್ಲೇ ನರ್ಸು. ಅವಳಿಗೂ ಅದೇ ಉತ್ತರ.

ಹೀಗಿರುವಾಗ ಅವನ ಅತ್ತೆಯ ಕಣ್ಣಿನ ಆಪರೇಷನ್ ಗುರುವಾರಕ್ಕೆ ನಿಗದಿಯಾಯಿತು. ಅವತ್ತು ಹೆಂಡತಿಗೆ ಹಗಲು ಪಾಳಿ. ಅವಳು ರಜೆ ಕೇಳಲೇ ಇಲ್ಲ. ಕೇಳಿದ್ದರೆ ಠಪ್ಪನೆ ಇಲ್ಲ ಎಂದು ಹಗುರಾಗುತ್ತಿದ್ದ. ಕೇಳದೆ ಇದ್ದದ್ದು ಗಂಟಲಿಗೆ ಸಿಕ್ಕಿದ ಮುಳ್ಳಾಯಿತು. ಅಳಿಯನನ್ನು ಮಗನ ಹಾಗೆ ಕಂಡ ಅತ್ತೆ. ಆಕೆ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಒಬ್ಬಳೇ ಮಲಗಿರುವುದು ಕಣ್ಣ ಮುಂದೆ ಬಂತು. ನಿಯಮ ಹಾಳಾಗಿ ಹೋಗಲಿ ಎಂದು ಊಟದ ಬಿಡುವಿನಲ್ಲಿ ಬಾಗಿಲು ಮುಂದೆ ಮಾಡಿ, ಬದುಕಿನಲ್ಲಿ ಮೊದಲ ಸಲ ಕಳ್ಳ ಕೆಲಸಕ್ಕೆ ಕೂತ.

ಪಾಸ್‌ವರ್ಡೇ ನೆನಪಾಗಲಿಲ್ಲ! ವರ್ಷಗಟ್ಟಲೆ ಮ್ಯಾಕ್ರೋ ಮಾಡಿದ ಕೆಲಸವನ್ನು ಅವನ ಬೆರಳು ಮರೆತೇಬಿಟ್ಟಿತ್ತು. ಮದುವೆಯ ತಾರೀಖು ಹಾಕಿದ, ಸ್ಕೂಟರ್ ನಂಬರ್ ಹಾಕಿದ, ಕೊನೆಗೆ ಸಿಟ್ಟಿನಲ್ಲಿ ಒಂದು ಬೈಗುಳವನ್ನೂ ಹಾಕಿ ನೋಡಿದ. ಜಪ್ಪಯ್ಯ ಎಂದರೂ ಹಾಳೆ ತೆರೆಯಲಿಲ್ಲ. ಮ್ಯಾಕ್ರೋದ ಒಳಗೆ ನೋಡೋಣವೆಂದರೆ ಅದರ ಪಾಸ್‌ವರ್ಡೂ ಮರೆತಿತ್ತು.

ಅಷ್ಟರಲ್ಲಿ ಹೆಂಡತಿ ಬಂದಳು. "ಏನ್ರೀ, ಊಟಕ್ಕೆ ಬರಲಿಲ್ಲ?"

"ನಿನಗೊಂದು ರಜೆ ಹಾಕೋಣ ಅಂತ ಕೂತೆ ಕಣೇ. ನನ್ನ ಕೈಲಿ ಆಗ್ತಿಲ್ಲ" ಎಂದ. ಅಳು ಒಂದು ಬಾಕಿ.

ಅವಳು ಬಗ್ಗಿ ಗುಂಡಿ ಒತ್ತಿ, ಮ್ಯಾಕ್ರೋ ಓಡತೊಡಗುತ್ತಲೇ ಪಟ್ಟನೆ ಎಸ್ಕೇಪ್ ಕೀ ಒತ್ತಿದಳು. ಅದು ಅರ್ಧಕ್ಕೇ ನಿಂತಿತು. ಬೀಗ ತೆಗೆದಾಗಿತ್ತು, ಹಾಕುವುದು ಬಾಕಿ ಇತ್ತು.

"ಇದು... ಯಾರಿಗೆಲ್ಲ ಗೊತ್ತು?"

"ನಿಮ್ಮೊಬ್ಬರನ್ನ ಬಿಟ್ಟು ಎಲ್ಲರಿಗೂ. ನೀವು ಕಾಫಿಗೆ ಹೋದಾಗ ಬಂದು, ತಮ್ಮ ತಮ್ಮಲ್ಲೇ ಪಾಳಿ ಬದಲಾಯಿಸ್ಕೊಂಡು, ಮತ್ತೆ ಗುಂಡಿ ಒತ್ತಿ ಬೀಗ ಹಾಕಿ ಹೋಗ್ತಾರೆ. ಒಂದು ದಿನಾನಾದ್ರೂ ವಾರ್ಡು ಖಾಲಿ ಬಿದ್ದಿದ್ಯಾ?"

ಬಿದ್ದಿರಲಿಲ್ಲ. ಬೀಗದಪ್ಪನ ಮುಖ ಹುಳ್ಳಗಾಯಿತು. "ಮತ್ತೆ ನೀನು?"

"ನಾನು ಮುಟ್ಟಿಲ್ಲಪ್ಪ. ನಾಳೆ ಯಾರಾದ್ರೂ ಆಡ್ಕೊಂಡ್ರೆ ಮರ್ಯಾದೆ ಹೋಗೋದು ನಿಮ್ದು ತಾನೆ?"

ಅವನು ಅವಳ ಗುರುವಾರದ ಚೌಕದಲ್ಲಿ ರಜೆ ಎಂದು ಹಾಕಿದ. ಅವಳ ಬದಲಿಗೆ ಪಕ್ಕದ ವಾರ್ಡಿನ ಗೆಳತಿ ತಾನಾಗಿಯೇ ಮುಂದೆ ಬಂದಿದ್ದಳಂತೆ. ಆ ಹೆಸರನ್ನೂ ಹಾಕಿದ. ಆಮೇಲೆ ಪಟ್ಟಿಯ ಕೊನೆಗೆ ಸರಿದು, ಗುಮಾಸ್ತ ಎಂಬ ತನ್ನ ಸಾಲಿನಲ್ಲೂ ರಜೆ ಎಂದು ಬರೆದ.

"ನೀವೂ ಬಂದ್ರೆ ಅವತ್ತು ಪಟ್ಟಿ ಯಾರು ನೋಡ್ಕೋತಾರೆ?"

"ಇಷ್ಟು ವರ್ಷ ಯಾರು ನೋಡ್ಕೊಂಡ್ರೋ ಅವರೇ" ಎಂದು ಬೀಗದಪ್ಪ ಎದ್ದು ಊಟಕ್ಕೆ ಹೊರಟ.