ಜವರಯ್ಯನ ಕಾಂಟೆಸ್ಸಾ ಮತ್ತು ಹತ್ತು ಗಂಟೆಯ ಮುಹೂರ್ತ

ಕಿರಂಗೂರಿನ ಜವರಯ್ಯನ ಕಾಂಟೆಸ್ಸಾ ಕಾರಲ್ಲಿ ಕೂತು ಧಾರೆಗೆ ಹೋದ ಹೆಣ್ಣುಮಕ್ಕಳನ್ನು ಎಣಿಸೋಕೆ ಹೋಗಬೇಡಿ. ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗೆ ಊರೂರಲ್ಲೂ ಸಿಗ್ತಾರೆ. ತೊಂಬತ್ಮೂರನೇ ಇಸವಿಯ ಗಾಡಿ. ಮೈಸೂರಿನ ಡಾಕ್ಟರೊಬ್ಬರ ಹತ್ತಿರ ಡ್ರೈವರಾಗಿದ್ದಾಗ ಓಡಿಸುತ್ತಿದ್ದ, ಅವರು ಹೊಸದು ತಗೊಂಡಾಗ ಇದನ್ನು ಇವನ ಕೈಗೇ ಕೊಟ್ಟರು. ಮಂಚದಷ್ಟುದ್ದ ಬಾನೆಟ್ಟು, ಚೌಕದ ಲೈಟು, ಮರೂನು ಮಕಮಲ್ಲಿನ ಸೀಟು, ಹಿಂದಿನ ಗಾಜಿಗೆ ಪರದೆ, ಕ್ಯಾಸೆಟ್ ಹಾಕೋ ಟೇಪು. ಆಗ ಇದು ಬೀದಿಗೆ ಬಂದರೆ ಯಾರೋ ಎಮ್ಮೆಲ್ಲೆ ಬಂದ್ರು ಅಂತ ಜಗುಲಿ ಮೇಲಿದ್ದವರು ಎದ್ದು ನಿಲ್ಲುತ್ತಿದ್ದರು. ಈಗಿನ ಗಾಡಿಗಳ ಮಾತು ಬುಡಿ, ಯಾವುದು ಯಾವುದೂಂತ ನಂಬರು ನೋಡಿಯೇ ಹೇಳಬೇಕು.

ಇವತ್ತು ಅವನ ಒಬ್ಬಳೇ ಮಗಳು ಅನುವಿನ ಮದುವೆ. ಛತ್ರ ಪಾಂಡವಪುರದಲ್ಲಿ. ಮುಹೂರ್ತ ಹತ್ತರಿಂದ ಹತ್ತೂಮುಕ್ಕಾಲು. ಊರವರ ಮಕ್ಕಳನ್ನೆಲ್ಲ ಹೊತ್ತಿಗೆ ಮುಟ್ಟಿಸಿದವನು ತನ್ನ ಮಗಳನ್ನು ಇನ್ನೊಬ್ಬರ ಗಾಡಿಯಲ್ಲಿ ಕಳಿಸುವುದುಂಟೇ?

ಒಂಬತ್ತಕ್ಕೆ ಅನು ಹಿಂದಿನ ಸೀಟಿನಲ್ಲಿ ಕೂತಳು. ಜವರಯ್ಯ ಕೀ ತಿರುಗಿಸಿದ. ಸೆಲ್ಫು ಕಿರ್ರೋ ಅಂತು, ಎಂಜಿನ್ನು ಹತ್ತಲಿಲ್ಲ. ಇನ್ನೊಂದು ಸಲ. ಊಹೂಂ. ಬಾನೆಟ್ಟು ಎತ್ತಿದರೆ ಒಳಗೆಲ್ಲ ಅರಿಶಿನದ ನೀರು ತೊಟ್ಟಿಕ್ಕುತ್ತಿದೆ!

"ಯಾರಮ್ಮಿ ಇಂಗ್ ಮಾಡಿದ್ದು?"

ಹೆಂಡತಿ ಚಿಕ್ಕಬೋರಮ್ಮನ ಮುಖ ಸಪ್ಪಗಾಯಿತು. "ಮಗಳು ಕೂರೋ ಗಾಡಿ ಅಂತ, ಪೂಜೆಗೆ ಮುಂಚೆ ಒಳಗೂವೆ ನಾಕು ಬಿಂದಿಗೆ ಉಯ್ದೆ. ಆಯುಧಪೂಜೇಲಿ ನೇಗ್ಲುನೆಲ್ಲ ಅಂಗೇ ತಾನೆ ತೊಳಿಯಾದು?"

ಬೈಯುತ್ತ ಕೂರಲು ಹೊತ್ತೆಲ್ಲಿ? ಈ ಹಳೇ ಎಂಜಿನ್ನಿನಲ್ಲಿ ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿಗೆ ನೀರು ಹೊಕ್ಕರೆ ಮುಗೀತು, ಒಣಗುವ ತನಕ ಕಿಡಿ ಹಾರುವುದಿಲ್ಲ. ಜವರಯ್ಯ ಅದರ ಕ್ಯಾಪು ಬಿಚ್ಚಿ ಪಂಚೆಯ ಅಂಚಿನಿಂದ ಒರೆಸಿದ. ಅವಸರದಲ್ಲಿ ಸ್ಕ್ರೂ ಒಂದು ಜಾರಿ ಬಿತ್ತು. ಹುಡುಕಿ ತೆಗೆಯುವಷ್ಟರಲ್ಲಿ ಒಂಬತ್ತೂಕಾಲು.

ಬಾಮೈದ ಪುಟ್ಟಸ್ವಾಮಿ ತನ್ನ ಹೊಸ ಕಾರಿನ ಬಾಗಿಲು ತೆಗೆದು ನಿಂತಿದ್ದ. "ಭಾವ, ಹಟ ಬುಡು. ಧಾರೆ ಎರೆಯೋನೇ ಇಲ್ಲಿ ನಿಂತ್ಕಂಡ್ರೆ ಅಲ್ಲೇನ್ ಮಾಡಾರು? ಮಗೀನ ಇಳ್ಸು."

ಅವನು ಹೇಳಿದ್ದು ಸರಿಯೇ. ಅದಕ್ಕೇ ಇನ್ನಷ್ಟು ಸಂಕಟ. ಜವರಯ್ಯ ಬಾಗಿಲ ಹತ್ತಿರ ಬಂದ. "ಇಳಿಯವ್ವ, ಮಾವನ ಕಾರಲ್ಲಿ ಹೋಗು" ಅಂದ.

"ನಾನು ಇಳಿಯಕಿಲ್ಲ ಕಣಪ್ಪ. ತಲೆಕೂದ್ಲು ಒಣಗ್ಸೋ ಮಿಷನ್ನು ರೂಮಲ್ಲೈತೆ, ತಂದು ಅದಕ್ಕೆ ಗಾಳಿ ಬುಡು."

ಅಯ್ಯೋ, ಇದು ಯಾಕೆ ಹೊಳೆಯಲಿಲ್ಲ! ಮಿಷನ್ನು ತಂದು ಚಪ್ಪರದ ಲೈಟಿನ ವೈರಿಗೆ ಸಿಕ್ಕಿಸಿ, ಕರೆಂಟು ಹೋಗದಿರಲಪ್ಪಾ ಮಾದೇಶ್ವರ ಅಂತ ಬೇಡಿಕೊಳ್ಳುತ್ತ ಕ್ಯಾಪಿಗೆ, ಪ್ಲಗ್ಗಿನ ವೈರುಗಳಿಗೆ ಬಿಸಿಗಾಳಿ ಹಿಡಿದ. ಒಂಬತ್ತೂಮುಕ್ಕಾಲಿಗೆ ಎಂಜಿನ್ನು ಒಮ್ಮೆ ಕೆಮ್ಮಿತು, ಆಮೇಲೆ ಗುರ್ ಎಂದು ಹತ್ತಿಕೊಂಡಿತು. ಚಿಕ್ಕಬೋರಮ್ಮ ಓಡಿಬಂದು ಮುಂದೆ ಕೂತಳು.

ದಾರೀಲಿ ನೆಮ್ಮದಿ ಎಲ್ಲಿ? ಮುಂದೆ ಕಬ್ಬಿನ ಟ್ರಾಕ್ಟರುಗಳ ಸಾಲು, ಜಾಗ ಬಿಡಲೊಲ್ಲವು. ಎಂಜಿನ್ನು ಒಂಚೂರು ಮುಗ್ಗರಿಸಿದರೂ ಇವನು ಆಕ್ಸಿಲರೇಟರನ್ನು ಇನ್ನಷ್ಟು ಒತ್ತುತ್ತಿದ್ದ. ದಾರೀಲೇ ನಿಂತುಬುಟ್ಟರೆ? ಗಂಡಿನ ಕಡೆಯವರು ಏನಂದುಕೊಂಡಾರು? ಪಕ್ಕದಲ್ಲಿ ಹೆಂಡತಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಅವಳಿಗೆ ಒಂದು ಮಾತು ಹೇಳೋಣವೆಂದರೂ ರಸ್ತೆಯಿಂದ ಕಣ್ಣು ಕೀಳಲು ಧೈರ್ಯವಿಲ್ಲ.

ಛತ್ರ ಮುಟ್ಟಿದಾಗ ಹತ್ತೂ ಇಪ್ಪತ್ತೈದು. "ಬನ್ನಿ, ಬೇಗ ಬನ್ನಿ" ಅಂತ ಪುರೋಹಿತರು ಕೂಗಿದರು. ಮಿಕ್ಕ ಶಾಸ್ತ್ರಗಳನ್ನು ಅವಸರದಲ್ಲಿ ಮುಗಿಸಿ ಧಾರೆಯ ಚೊಂಬನ್ನು ಮುಂದೆ ಚಾಚಿದಾಗಲೇ ಜವರಯ್ಯ ತನ್ನ ಕೈ ನೋಡಿಕೊಂಡದ್ದು. ಮೊಣಕೈವರೆಗೂ ಎಂಜಿನ್ನಿನ ಮಸಿ. ಮಾಕವಳ್ಳಿಯಿಂದ ಬಂದ ಬೀಗಿತ್ತಿ ಕಣ್ಣು ಬಿಟ್ಟು ಅದನ್ನೇ ನೋಡುತ್ತಿದ್ದಾಳೆ. ನಾಚಿಕೆಯಿಂದ ಅವನು ಕೈಯನ್ನು ಪಂಚೆಯೊಳಗೆ ಅಡಗಿಸಿದ.

"ತೊಳ್ಕಂಡು ಬಂದ್ಬುಡ್ತೀನಿ..."

"ಹೊತ್ತಿಲ್ಲ ಕಣಪ್ಪ," ಅಂದಳು ಅನು, ಎಲ್ಲರಿಗೂ ಕೇಳುವ ಹಾಗೆ. "ಅದೇ ಕೈಲಿ ಉಯ್ಯಿ."

ಅವನು ಚೊಂಬು ಹಿಡಿದ. ಚಿಕ್ಕಬೋರಮ್ಮ ಅವನ ಮಸಿ ಕೈಯನ್ನು ತನ್ನ ಎರಡೂ ಕೈಯಿಂದ ಒತ್ತಿ ಹಿಡಿದಳು. ಮಗಳ ಮದರಂಗಿ ಹಾಕಿದ ಅಂಗೈ ಮೇಲೆ ಹಾಲು ಬಿತ್ತು, ಅದರೊಳಗೆ ಮಸಿಯ ಸಣ್ಣದೊಂದು ಕರೀ ಗೆರೆ. ಅನು ಕೈ ಕದಲಿಸಲಿಲ್ಲ.