ಹೆಸರಿಲ್ಲದವನೊಂದಿಗೆ ಎಲೆಕ್ಟ್ರಾನಿಕ್ ಸಿಟಿಗೆ

ಜಾಲಹಳ್ಳಿಯಿಂದ ಎಲೆಕ್ಟ್ರಾನಿಕ್ ಸಿಟಿಗೆ ಈಗ ಬಸ್ಸು ಹತ್ತದೆಯೇ ಹೋಗಬಹುದು. ಆರ್.ವಿ. ರಸ್ತೆಯವರೆಗೆ ಮೆಟ್ರೋದ ಹಸಿರು ಮಾರ್ಗ, ಅಲ್ಲಿಂದ ಹಳದಿ. ಟಿಕೆಟ್ಟು ತೊಂಬತ್ತು ರೂಪಾಯಿ, ಹೆಚ್ಚೆಂದರೆ ಒಂದೂವರೆ ಗಂಟೆ. ನಾನು ಹೊರಟ ದಿನ ಮೋಡ ಕವಿದಿತ್ತು. ಬೆಳಿಗ್ಗೆ ಅಮ್ಮ ಕೊಟ್ಟ ಇಡ್ಲಿ ತಟ್ಟೆಯಲ್ಲೇ ಉಳಿಯಿತು.

ಕೊನೆಯ ಬೋಗಿಯಲ್ಲಿ ಕುಮಾರ ನಿಂತಿದ್ದ. ಅದು ಅವನ ಹೆಸರಲ್ಲ. ಗುರುತು ಹತ್ತಬಹುದಾದ ಬೇರೆ ವಿವರಗಳನ್ನೂ ಬದಲಿಸಿದ್ದೇನೆ. ಇಪ್ಪತ್ತರ ಹುಡುಗ, ಪೀಣ್ಯದ ಒಂದು ಶೆಡ್ಡಿನಲ್ಲಿ ಲೇತ್ ಆಪರೇಟರ್. ಜೊತೆಗೆ ಕೆಲಸ ಮಾಡುವ ಮೂವರೊಂದಿಗೆ ಮಾಕಳಿಯಲ್ಲಿ ರೂಮು ಮಾಡಿಕೊಂಡಿದ್ದಾನೆ.

"ನಿಮಗೂ ಒಂದು ಸೀಟು ಹಿಡ್ದಿದ್ದೆ ಅಕ್ಕ. ಅಜ್ಜ ಅಜ್ಜಿ ಇಬ್ರು ಬಂದು ಸುಮ್ನೆ ನನ್ ಮುಖಾನೇ ನೋಡ್ತಾ ನಿಂತ್ಕೊಂಡ್ರು. ಎರಡೂ ಬಿಟ್ಕೊಟ್ಬಿಟ್ಟೆ."

ನಾನು ಓದುತ್ತಿರುವುದು ಅಪರಾಧಶಾಸ್ತ್ರ. ಬಾಲನ್ಯಾಯ ಮಂಡಳಿಯ ಮುಂದೆ ಬಂದುಹೋದ ಮಕ್ಕಳು ಮತ್ತೆ ಕೆಲಸಕ್ಕೆ ಸೇರುವುದು ಹೇಗೆ ಎಂಬುದು ನನ್ನ ಸಂಶೋಧನೆಯ ವಿಷಯ. ಹದಿನಾರನೆಯ ವಯಸ್ಸಿನಲ್ಲಿ ಕುಮಾರ ಗೆಳೆಯರ ಜೊತೆ ತಾಮ್ರದ ತಂತಿ ಕದ್ದು ಸಿಕ್ಕಿಬಿದ್ದಿದ್ದ. ಮಂಡಳಿ ಅವನನ್ನು ಬುದ್ಧಿ ಹೇಳಿ ಮನೆಗೆ ಕಳುಹಿಸಿತು. ಆದರೆ ಅವನ ನಡತೆ ವಿಚಾರಿಸಲು ಬಂದವರು ಪೊಲೀಸ್ ಜೀಪಿನಲ್ಲಿ ನೇರವಾಗಿ ಅವನು ಕೆಲಸ ಕಲಿಯುತ್ತಿದ್ದ ಕಾರ್ಖಾನೆಗೇ ಹೋದರು. ಆ ಸಂಜೆಯೇ ಅವನನ್ನು ಕೆಲಸದಿಂದ ತೆಗೆದರು. ನಾನು ಮಾತನಾಡಿಸಿದ ಹಲವರದ್ದು ಇದೇ ಕಥೆ.

ಹಾಗಾಗಿ ನನ್ನ ವರದಿಯ ಒಂದು ವಾಕ್ಯ, ಇಂಥ ವಿಚಾರಣೆಗಳಿಗೆಂದು ಒಂದು ಸಮಿತಿ ಸಿದ್ಧಪಡಿಸುತ್ತಿದ್ದ ಹೊಸ ಮಾರ್ಗಸೂಚಿಯ ಕರಡಿಗೆ ಸೇರಿತ್ತು: ವಿಚಾರಣೆಗೆ ಕೆಲಸದ ಸ್ಥಳಕ್ಕೆ ಹೋಗಬಾರದು. ಅದು ಉಳಿಯುವುದೋ ಹೋಗುವುದೋ ಅಂದಿನ ಸಭೆಯಲ್ಲಿ ತೀರ್ಮಾನವಾಗಬೇಕಿತ್ತು. ಅನುಭವಿಸಿದ ಒಬ್ಬನ ಮಾತು ಸಮಿತಿಯ ಕಿವಿಗೆ ಬಿದ್ದರೆ ಉಳಿಯುತ್ತದೆ ಎಂದು ನನ್ನ ಮಾರ್ಗದರ್ಶಕರು ಹೇಳಿದ್ದರು. ಕುಮಾರ ಒಪ್ಪಿಕೊಂಡಿದ್ದ. ಈಗಿನ ಶೆಡ್ಡಿನಲ್ಲಿ ಅವನ ಹಳೆಯ ಸಂಗತಿ ಯಾರಿಗೂ ತಿಳಿಯದು.

ಆರ್.ವಿ. ರಸ್ತೆಯಲ್ಲಿ ಇಳಿದು ಹಳದಿ ಮಾರ್ಗದ ರೈಲಿಗೆ ಬಹಳ ಹೊತ್ತು ಕಾದೆವು.

"ಇದಕ್ಕೆ ಡ್ರೈವರ್ರೇ ಬೇಡ್ವಂತೆ ಅಕ್ಕ. ಗುದ್ದಿದ್ರೆ ಯಾರನ್ನ ಹಿಡ್ಕೊಂಡೋಗ್ತಾರೆ?" ಎಂದ. ರೈಲು ಹತ್ತಿದ ಮೇಲೆ, "ಅಲ್ಲಿ ಎಷ್ಟು ಜನ ಇರ್ತಾರೆ?" ಎಂದು ಕೇಳಿದ.

"ಐದು ಜನ. ಬಾಗಿಲು ಹಾಕಿರ್ತಾರೆ. ಹೆಸರು ಕೇಳಲ್ಲ."

ಹಿಂದಿನ ದಿನ ಫೋನಿನಲ್ಲೂ ಇದನ್ನೇ ಹೇಳಿದ್ದೆ. ಬೊಮ್ಮನಹಳ್ಳಿ, ಕೂಡ್ಲು ಗೇಟ್, ಹೊಸ ರಸ್ತೆ ನಿಲ್ದಾಣಗಳು ದಾಟಿದವು. ಕೆಳಗೆ ಹೊಸೂರು ರಸ್ತೆಯಲ್ಲಿ ವಾಹನಗಳು ನಿಂತಲ್ಲೇ ನಿಂತಿದ್ದವು. ಅವನು ಹೊರಗೆ ನೋಡುತ್ತಿದ್ದ, ನಾನು ಗಡಿಯಾರ ನೋಡುತ್ತಿದ್ದೆ.

ನಿಲ್ದಾಣದಿಂದ ಸಭೆ ನಡೆಯುವ ತರಬೇತಿ ಕೇಂದ್ರಕ್ಕೆ ಆಟೋ ಹಿಡಿದೆವು. ಎರಡನೆಯ ಮಹಡಿಗೆ ಹತ್ತಿದಾಗ ಕಂಡದ್ದು ಬಾಗಿಲು ಹಾಕಿದ ಕೋಣೆಯಲ್ಲ. ವೇದಿಕೆ, ಫ್ಲೆಕ್ಸು, ಮೈಕು, ಫೋಟೋಗ್ರಾಫರು, ತುಂಬಿದ ಕುರ್ಚಿಗಳು. ರೇಷ್ಮೆ ಸೀರೆಯ ಸಂಘಟಕಿಯೊಬ್ಬರು ಪ್ರೀತಿಯಿಂದಲೇ ಎದುರು ಬಂದರು.

"ಬನ್ನಿ ಬನ್ನಿ. ಹುಡುಗ ಬಂದ್ನಾ? ಹೆಸರು, ಊರು ಹೇಳ್ಬಿಡಿ, ನಿರೂಪಕರಿಗೆ ಕೊಡ್ಬೇಕು. ಮೊದಲು ಸನ್ಮಾನ, ಆಮೇಲೆ ಅವನ ಮಾತು."

"ಸನ್ಮಾನ ಬೇಡ ಮೇಡಂ. ಕಾಯ್ದೆ ಪ್ರಕಾರ ಅವನ ಹೆಸರೇ ಹೊರಗೆ ಬರಬಾರದು."

"ಅಯ್ಯೋ, ಪೇಪರ್‌ಗೇನೂ ಕೊಡಲ್ಲ ಕಣ್ರೀ. ನಮ್ಮ ಗ್ರೂಪಲ್ಲಿ ಒಂದು ಫೋಟೋ, ಅಷ್ಟೇ. ಕರೆಸಿ ಬರಿಗೈಲಿ ಕಳ್ಸೋಕಾಗುತ್ತಾ? ಪಾಪ, ಅವನಿಗೂ ಒಂದು ಮರ್ಯಾದೆ ಬೇಡ್ವಾ?"

ಅವರ ತೋಳಿನ ಮೇಲೆ ಜರಿ ಅಂಚಿನ ಶಾಲು ಮಡಿಸಿಟ್ಟಿತ್ತು. ನಾನು ಹಿಂದಕ್ಕೆ ಬಂದೆ. ಕುಮಾರ ಮೆಟ್ಟಿಲ ಬಳಿ ಗೋಡೆಗೆ ಒತ್ತಿ ನಿಂತಿದ್ದ.

"ಮುಂದ್ಗಡೆ ನೀಲಿ ಶರ್ಟಿನೋರು ಕೂತವ್ರಲ್ಲ, ಅವ್ರು ನಮ್ ಓನರ್ ಫ್ರೆಂಡು. ಶೆಡ್ಡಿಗೆ ಬರ್ತಿರ್ತಾರೆ." ಒಂದು ಮೆಟ್ಟಿಲು ಕೆಳಗಿಳಿದು ಹೇಳಿದ: "ನೀವು ಮಾತಾಡು ಅಂದ್ರೆ ಮಾತಾಡ್ತೀನಿ ಅಕ್ಕ."

ಮಾತಾಡು ಎಂದಿದ್ದರೆ ಅವನು ಖಂಡಿತ ಮಾತಾಡುತ್ತಿದ್ದ. ಒಳಗೆ ಮೈಕು ಪರೀಕ್ಷಿಸುತ್ತಿದ್ದರು.

"ಕೆಳಗೆ ಹೋಗಿ ಟೀ ಕುಡಿ. ಮೇಲೆ ಬರಬೇಡ," ಎಂದೆ.

ಹುಡುಗ ಬರಲಿಲ್ಲ ಎಂದು ಸಭೆಗೆ ಹೇಳಿದೆ. ಅವನ ಮಾತುಗಳನ್ನು ವರದಿಯಿಂದ ಓದಿದೆ. ನೀಲಿ ಶರ್ಟಿನವರು ಎದ್ದು, "ಮೇಡಂ, ಕೆಲಸ ಕೊಡೋರು ನಾವು. ಯಾರು ಏನು ಅಂತ ನಮಗೆ ಗೊತ್ತಾಗೋದು ಬೇಡ್ವಾ?" ಎಂದರು. ಕೆಲವರು ತಲೆಯಾಡಿಸಿದರು. ಸಮಿತಿಯ ಅಧ್ಯಕ್ಷರು ಕನ್ನಡಕ ತೆಗೆದು, "ಚೆನ್ನಾಗಿ ಕೆಲಸ ಮಾಡಿದ್ದೀಯಮ್ಮ. ಆದರೆ ಹುಡುಗನೇ ಬಂದಿಲ್ಲವಲ್ಲ," ಎಂದರು.

ವಾಕ್ಯವನ್ನು ತೆಗೆಯಲಿಲ್ಲ. 'ಸಾಧ್ಯವಾದಷ್ಟು ಮಟ್ಟಿಗೆ' ಎಂದು ಅದರ ಮುಂದೆ ಸೇರಿಸಿದರು. ಶಾಲನ್ನು ವಾಪಸು ಒಯ್ಯುವುದು ಸರಿಯಲ್ಲವೆಂದು ನನಗೇ ಹೊದಿಸಿ ಫೋಟೋ ತೆಗೆದರು.

ಕುಮಾರ ಕಾಂಪೌಂಡಿನ ಆಚೆ ಟೀ ಗಾಡಿಯ ಹತ್ತಿರ ಇದ್ದ. ಹಿಂತಿರುಗುವ ರೈಲಿನಲ್ಲಿ ಕುಳಿತ ಮೇಲೆಯೇ ಕೇಳಿದ.

"ಏನಂದ್ರು?"

ಹೇಳಿದೆ.

"ಸಾಧ್ಯವಾದಷ್ಟು ಅಂದ್ರೆ, ಜೀಪು ಬರುತ್ತೆ. ಅಲ್ವಾ?"

"ಬರಬಹುದು."

ನಾನು ಶಾಲು ತೆಗೆದು, "ಇದು ನಿನಗೇ ಅಂತ ತಂದಿದ್ರು," ಎಂದು ಅವನ ಕೈಗಿಟ್ಟೆ. ಹೆಬ್ಬೆರಳಿನಿಂದ ಜರಿ ಸವರಿದ.

"ಸಕ್ಕತ್ತಾಗೈತೆ." ಆಮೇಲೆ ಹಳೆಯ ಮಡಿಕೆಗಳಿಗೆ ಸರಿಯಾಗಿ ಮಡಿಸಿ ಹಿಂದಕ್ಕೆ ಕೊಟ್ಟ. "ಬೇಡ ಅಕ್ಕ. ಯಾರು ಕೊಟ್ರು ಅಂತ ರೂಮಲ್ಲಿ ಕೇಳ್ತಾರೆ."

ಜಾಲಹಳ್ಳಿಯಲ್ಲಿ ನಾನು ಇಳಿದೆ. ನಾನು ಬಿಟ್ಟ ಸೀಟಿಗೆ ಕಾರ್ಖಾನೆಯ ಸಮವಸ್ತ್ರದ ಯುವಕನೊಬ್ಬ, ಅವನ ಶೆಡ್ಡಿನವನೇ ಇರಬೇಕು, ಬಂದು ಕುಳಿತು, ಕುಮಾರನ ಬೆನ್ನಿಗೆ ಸಲಿಗೆಯಿಂದ ಗುದ್ದಿದ. ಕುಮಾರ ನಗುತ್ತ ಅವನಿಗೇನೋ ಹೇಳಿದ. ಬಾಗಿಲು ಮುಚ್ಚಿ ರೈಲು ಹೊರಟರೂ ಪ್ಲಾಟ್‌ಫಾರ್ಮಿನ ಕಡೆ ತಿರುಗಲಿಲ್ಲ. ನಾನೂ ಕೈ ಬೀಸಲಿಲ್ಲ.